ಎಡಕ್ಕೆ ಸುತ್ತುವ ಯುದ್ಧವಿಮಾನ

ಯಾರಿಗೂ ತೊಂದರೆ ಕೊಡದೆ ಒಂದು ಮೂಲೆಯಲ್ಲಿ ಕೂತು ಏನಾದರೂ ಮಾಡಿಕೊಳ್ಳೋಣ ಎಂದರೆ, ಅದು ನನ್ನ ಹಣೆಯಲ್ಲಿ ಬರೆದಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ನಿವೃತ್ತನಾದ ಮೇಲೆ ಹೊಸಪೇಟೆಯ ಮನೆಯಲ್ಲಿ ಮಾದರಿ ವಿಮಾನ ಮಾಡುತ್ತೇನೆ. ಎರಡು ಉದ್ದನೆಯ ತಂತಿಗಳ ಆ ತುದಿಗೆ ವಿಮಾನ, ಈ ತುದಿಯ ಹಿಡಿಕೆ ನನ್ನ ಕೈಯಲ್ಲಿ. ನಾನು ನಡುವೆ ನಿಂತರೆ ಅದು ಗಾಣದೆತ್ತಿನಂತೆ ನನ್ನ ಸುತ್ತ ಹಾರಬೇಕು. ಬೇಕು, ಅಷ್ಟೇ. ಇಲ್ಲಿಯವರೆಗೆ ಮಾಡಿದ ಮೂರೂ ಎರಡನೇ ಸುತ್ತು ಕಂಡಿಲ್ಲ.

"ಇದೊಂದು ಕಡೀದು. ಇದೂ ಮುರಿದ್ರ ಸಾಮಾನೆಲ್ಲ ಅಟ್ಟಕ್ಕ," ಎಂದು ಹೆಂಡತಿ ಹೇಳಿಬಿಟ್ಟಳು. ನನಗೂ ಸಾಕಾಗಿತ್ತು. ಒಂದಾದರೂ ಹಾರಿ ಇಡಿಯಾಗಿ ಇಳಿಯಲಿ ಅನ್ನುವುದಷ್ಟೇ ಆಸೆ.

೧. ಆಯ್ಕೆ

ಹಳೆಯ ಯುದ್ಧವಿಮಾನವನ್ನೇ ಮಾಡುವುದೆಂದು ಚಿತ್ರಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ದಪ್ಪ ರೆಕ್ಕೆ ಇರಬೇಕು, ಚಕ್ರಗಳು ಅಗಲವಾಗಿ ನಿಂತಿರಬೇಕು ಎಂದು ಯೋಚಿಸುವಷ್ಟರಲ್ಲಿ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಭಾಮೈದ ಬಂದ. ನಾಲ್ಕು ಇಂಜಿನ್ನಿನ ಬಾಂಬರ್ ಮೇಲೆ ಬೆರಳಿಟ್ಟ.

"ಮಾಡೋದ ಮಾಡ್ತೀರಿ, ದೊಡ್ಡದು ಮಾಡ್ರಿ ಮಾವಾ."

"ಒಂದು ಇಂಜಿನ್ನಿನ ಗದ್ದಲಕ್ಕ ಬಾಜು ಮನಿಯವ್ರು ಮಾತು ಬಿಟ್ಟಾರ," ಎಂದಳು ಹೆಂಡತಿ ಅಡುಗೆಮನೆಯಿಂದ.

ಅವನ ಬೆರಳು ಒಂದರ ಮೇಲೊಂದು ಎರಡು ಜೋಡಿ ರೆಕ್ಕೆಯಿದ್ದ ವಿಮಾನಕ್ಕೆ ಸರಿಯಿತು. "ಹಂಗಾದ್ರ ಇದ ಛಲೋ. ನಿಮ್ಮ ಕೈಯಾಗ ಒಂದು ಜೋಡಿ ಹೆಂಗೂ ಮುರೀತೈತಿ, ಇನ್ನೊಂದು ಉಳೀತೈತಿ."

ಆ ಮಾತಿನಲ್ಲಿ ತಪ್ಪು ಹುಡುಕಲು ಸಂಜೆಯವರೆಗೂ ನೋಡಿದೆ. ಸಿಗಲಿಲ್ಲ. ಅದನ್ನೇ ಮಾಡಿದೆ.

೨. ಬಣ್ಣ

ಮೂರು ತಿಂಗಳ ಮೇಲೆ ಬಣ್ಣದ ಸರದಿ ಬಂತು. ಬಣ್ಣದ ಕುಂಚ ನನ್ನ ಕೈಗೆ ಒಗ್ಗದು. ಸಂಡೂರಿನಲ್ಲಿ ಅದಿರು ಲಾರಿಗಳಿಗೆ ಬಣ್ಣ ಹೊಡೆಯುವ ಪೇಂಟರಿಗೆ ಚಿತ್ರ ಕೊಟ್ಟು, ಶತ್ರುವಿಗೆ ಕಾಣದಂತೆ ಹಸಿರು, ಕಂದು ಮಚ್ಚೆಗಳಿರಬೇಕೆಂದು ಎರಡೆರಡು ಸಲ ಹೇಳಿ ಬಂದೆ. ವಾರ ಬಿಟ್ಟು ಹೋದರೆ ವಿಮಾನ ಹೊಸ ಟಿಪ್ಪರಿನಂತೆ ಕಿತ್ತಳೆ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಮೇಲಿನ ರೆಕ್ಕೆಯ ತುಂಬ 'ತಾಯಿಯ ಆಶೀರ್ವಾದ'.

"ಮಚ್ಚಿ ಎಲ್ಲಪಾ?"

"ಲಾರಿಗೆ ಹತ್ತಿದ ಕೆಂಪು ಧೂಳು ಉಜ್ಜಿ ಉಜ್ಜಿ ಸಾಕಾಗೇತಿ ಸಾರ್. ಹೊಸಾ ಗಾಡಿಗೆ ನಾನ ಹೊಲಸು ಬಳೀಲೇನ್ರಿ?"

"ಶತ್ರುಗಳಿಗೆ ಕಾಣ್ತೈತಲ್ಲೋ!"

"ಕಾಣ್ಲಿ ಬಿಡ್ರಿ. ಕಂಡ್ರ ಸೈಡ್ ಕೊಡ್ತಾರ."

೩. ಸುತ್ತು

ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಭಾಮೈದನ ಗದ್ದೆಯಿದೆ. ಭತ್ತದ ಕೊಯ್ಲಾಗಿ ನೆಲ ಒಣಗಿತ್ತು, ಅವನೇ ನಿಂತು ಸಪಾಟು ಮಾಡಿಸಿದ್ದ. ಹೆಂಡತಿಯ ಜೊತೆ ಅತ್ತೆಯವರೂ ಬಂದರು. ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದಿದ್ದರು. ಹಣ್ಣು ಚಕ್ರಕ್ಕಿಂತ ದೊಡ್ಡದಾಗಿತ್ತು.

"ಇದು ಯಾ ಕಡಿ ಸುತ್ತತೈತಿ?" ಎಂದು ಕೇಳಿದರು.

"ಎಡಕ್ಕರಿ ಅತ್ತಿ."

"ಅಪ್ರದಕ್ಷಿಣಿ! ಬ್ಯಾಡ್ರಿ ಅಳಿಯಂದ್ರ, ಬಲಕ್ಕ ಸುತ್ತಸ್ರಿ."

"ತಂತಿ ಎಡರೆಕ್ಕಿಗೆ ಐತ್ರಿ. ಬಲಕ್ಕ ಆಗಂಗಿಲ್ಲ."

ಅವರು ಮುಖ ಗಂಟಿಕ್ಕಿಕೊಂಡು ದೂರ ಹೋಗಿ ನಿಂತರು.

ಭಾಮೈದ ಇಂಜಿನ್ ಶುರುಮಾಡಿ ವಿಮಾನವನ್ನು ಬಿಟ್ಟ. ಎದ್ದಿತು. ಒಂದು ಸುತ್ತು, ಎರಡು ಸುತ್ತು. ಮೂರಕ್ಕೆ ನನ್ನ ಕಣ್ಣು ತುಂಬಿ ಬಂತು. ಹತ್ತಕ್ಕೆ ಗದ್ದೆ, ಹೆಂಡತಿ, ಅತ್ತೆ ಎಲ್ಲ ಗಿರಗಿರ ತಿರುಗತೊಡಗಿದರು. ಹಿಂದಿನವು ಇಷ್ಟು ಹೊತ್ತು ಹಾರಿದ್ದರಲ್ಲವೇ ತಲೆ ಸುತ್ತುತ್ತದೆಂದು ಗೊತ್ತಾಗುವುದು! ಎಣ್ಣೆ ಮುಗಿಯುವ ತನಕ ಇಂಜಿನ್ ನಿಲ್ಲದು. ಕೈಬಿಟ್ಟರೆ ವಿಮಾನ ಚೂರು, ಚೂರಾದರೆ ಎಲ್ಲ ಅಟ್ಟಕ್ಕೆ. ಹಲ್ಲು ಕಚ್ಚಿಕೊಂಡು ತಿರುಗಿದೆ. ಕೊನೆಗೆ ಸದ್ದು ನಿಂತಿತು, ವಿಮಾನ ಮೆತ್ತಗೆ ಇಳಿದು, ಉರುಳಿ, ನಿಂತಿತು. ಆಮೇಲೆ ನಾನು ಬಿದ್ದೆ.

ಭಾಮೈದ ನನ್ನನ್ನು ದಾಟಿಕೊಂಡು ವಿಮಾನದ ಹತ್ತಿರ ಓಡಿದ. "ಒಂದು ಗೀರೂ ಇಲ್ಲ ಮಾವಾ! ಎರಡೂ ಜೋಡಿ ರೆಕ್ಕಿ ಹಂಗ ಅದಾವ!"

ಬಿದ್ದಲ್ಲೇ ನಕ್ಕೆ. ಅಷ್ಟು ಸಮಾಧಾನ ನಿವೃತ್ತಿಯ ದಿನವೂ ಆಗಿರಲಿಲ್ಲ. ಹೆಂಡತಿ ನೀರಿನ ಬಾಟಲಿ ಹಿಡಿದು ಬಗ್ಗಿದಳು. ಅತ್ತೆ ಅವಳ ಕೈ ತಡೆದರು.

"ತಡಿ. ಮೂವತ್ತೊಂದು ಸುತ್ತು ಎಡಕ್ಕ ತಿರುಗ್ಯಾರ, ನಾ ಎಣಿಸೇನಿ. ಇಬ್ರೂ ಹಿಡಕೊಂಡು ಎಬ್ಬಸ್ರಿ. ಮೂವತ್ತೊಂದೂ ಬಲಕ್ಕ ತಿರುಗಿಸಿ, ಆಮ್ಯಾಲ ನೀರು ಕೊಡ್ರಿ."