ಶಿವಸ್ವಾಮಿಯ ಹೊಲದಲ್ಲಿ ಸಿಮೆಂಟಿನ ಕಂದ

ಶಿವಸ್ವಾಮಿ ತನ್ನ ಚೆಂಡುಹೂವಿನ ಹೊಲದಲ್ಲಿ ನಿಲ್ಲಿಸಿದ ದೃಷ್ಟಿಬೊಂಬೆಯನ್ನು ಕಂಡು ಅವನ ಎಮ್ಮೆಯೇ ಹಗ್ಗ ಕಿತ್ತುಕೊಂಡು ಓಡಿತ್ತು. ಎದೆಯವರೆಗೆ ಇಳಿಬಿದ್ದ ಕೆಂಪು ನಾಲಗೆ, ಗಲ್ಲ ದಾಟಿದ ಎರಡು ಕೋರೆಹಲ್ಲು, ಗುಡ್ಡೆ ಹೊರಬಿದ್ದ ಕಣ್ಣು, ಹುರಿಮೀಸೆ. ಇದನ್ನು ಕಂಡ ಮೇಲೂ ಊಟಿ ದಾರಿಯ ಜನ ಹೊಲಕ್ಕೆ ಕಾಲಿಟ್ಟಾರೇ ಎಂದು ಶಿವಸ್ವಾಮಿ ಬೆಳಗ್ಗೆಯೇ ಬದುವಿನ ಮೇಲೆ ಹಾಯಾಗಿ ಕುಳಿತ.

ಅವನ ಗೋಳು ಸಣ್ಣದಲ್ಲ. ಗುಂಡ್ಲುಪೇಟೆ ದಾಟಿದರೆ ರಸ್ತೆಯ ಪಕ್ಕದಲ್ಲೇ ಅವನ ಹತ್ತು ಗುಂಟೆ. ಹೂ ಅರಳಿದ್ದೇ ತಡ, ಕಾರುಗಳು ನಿಲ್ಲುತ್ತವೆ. ಹೆಂಡತಿ ಗಿಡಗಳ ನಡುವೆ ಕುಳಿತು ಆಕಾಶ ನೋಡುತ್ತಾಳೆ, ಗಂಡ ಗಿಡಗಳ ಮೇಲೇ ಬೋರಲು ಮಲಗಿ ಫೋಟೋ ಹೊಡೆಯುತ್ತಾನೆ. ಕಳೆದ ಕೊಯ್ಲಿನಲ್ಲಿ ಅರ್ಧ ಹೂ ಹೀಗೇ ಮಣ್ಣುಪಾಲಾಗಿತ್ತು. ಬಣ್ಣದ ಫ್ಯಾಕ್ಟರಿಗೆ ಹೂ ಒಯ್ಯಲು ಚಾಮರಾಜನಗರದಿಂದ ಬರುವ ಸುಧಾಕರ್ ಅಂದೇ ಖಡಾಖಂಡಿತವಾಗಿ ಹೇಳಿದ್ದ: "ಇನ್ನೊಂದು ಸಲ ಗಾಡಿ ತುಂಬ್ದೇ ಹೋದ್ರೆ ಮುಂದಕ್ಕೆ ನಿಮ್ ಹೂವೇ ಬೇಡ, ಶಿವಸ್ವಾಮಣ್ಣ." ಆ ಗಾಡಿ ಇವತ್ತು ಸಂಜೆ ಬರುವುದಿತ್ತು. ಮಧ್ಯಾಹ್ನದ ಮೇಲೆ ಚಿಕ್ಕಮಲ್ಲಮ್ಮ ಹೆಣ್ಣಾಳುಗಳನ್ನು ಕರೆತಂದು ಹೂ ಕೀಳಿಸುತ್ತೇನೆ ಎಂದಿದ್ದಳು. ಅಲ್ಲಿಯವರೆಗೆ ಕಾದುಕೊಂಡರೆ ಗೆದ್ದಂತೆ.

ಮೊದಲ ಕಾರು ಬೆಂಗಳೂರಿನದು. ಹುಡುಗಿ ಬಾಗಿಲು ತೆರೆದವಳೇ ಕಿರುಚಿದಳು. ಶಿವಸ್ವಾಮಿಗೆ ಖುಷಿಯಾಯಿತು. ಆದರೆ ಅವಳು ಕಿರುಚಿದ್ದು "ಸೋ ಕ್ಯೂಟ್!" ಎಂದು. ಬೆಂಗಳೂರಿನವರಿಗೆ ನಾಯಿಮರಿಯಿಂದ ಹಿಡಿದು ಬಾಸಿನ ಬೋಳುತಲೆಯವರೆಗೆ ಎಲ್ಲಕ್ಕೂ ಅದೊಂದೇ ಮಾತು, ಬಿಟ್ಟುಬಿಡೋಣ. ಅದರ ಬೆನ್ನಿಗೇ ಒಂದು ಮಿನಿ ಬಸ್ಸು ನಿಂತು, ತುಂಬ ಜಪಾನಿನವರು ಇಳಿದರು. ಒಬ್ಬಳಂತೂ ರಾಕ್ಷಸನ ಸೊಂಟ ತಬ್ಬಿ, ಕೋರೆಹಲ್ಲಿಗೆ ಕೆನ್ನೆ ಒತ್ತಿ, ಎರಡು ಬೆರಳೆತ್ತಿ ನಿಂತಳು.

"ಏನಪ್ಪಾ ಇವ್ರ ಕತೆ?" ಎಂದು ಶಿವಸ್ವಾಮಿ ಅವರ ಗೈಡನ್ನು ಕೇಳಿದ.

"ಅವರ ಕಡೆ ಹಲ್ಲು ಸ್ವಲ್ಪ ಹೊರಗೆ ಇಣುಕಿದ್ರೆ ಮುದ್ದು ಅಂತಾರೆ ಯಜಮಾನ್ರೇ. ನಿಮ್ ಬೊಂಬೆಗೆ ಹಲ್ಲೇ ಅಂದ!"

"ಮುದ್ದಾ? ಇದಾ? ಕತ್ಲಾದ್ರೆ ಇದ್ರ ಮುಂದೆ ಓಗಕ್ಕೆ ನಾನೇ ಎದರ್ತೀನಿ ಕಣಪ್ಪ!"

ಬಸ್ಸು ಹೋದದ್ದೇ ಶಿವಸ್ವಾಮಿ ಮನೆಗೆ ಓಡಿ ಕೋಣದ ಕೊಂಬು, ಕೆಂಪು ಪೇಂಟು ತಂದ. ರಾಕ್ಷಸನಿಗೆ ಕೊಂಬು ಮೂಡಿತು, ಬಾಯಿಂದ ರಕ್ತ ಸುರಿಯಿತು. ಮೊದಲು ಒಂದೊಂದೇ ನಿಲ್ಲುತ್ತಿದ್ದ ಕಾರು ಈಗ ಸಾಲಾಗಿ ನಿಂತವು. ಕೊನೆಗೆ ತಾನೇ ಕಂಬಳಿ ಹೊದ್ದು, ದೊಣ್ಣೆ ಹಿಡಿದು, ಮೀಸೆ ಕುಣಿಸುತ್ತ ಕಾರಿನವರನ್ನು ಅಟ್ಟಿಸಿಕೊಂಡು ಹೋದ. ಅವರು ಅವನನ್ನೂ ಎಳೆದುಕೊಂಡು ಬಂದು ರಾಕ್ಷಸನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಅವನ ಮೀಸೆಯೂ ಕ್ಯೂಟಂತೆ. ಐವತ್ತು ದಾಟಿದ ಗಂಡಸಿಗೆ ಇದಕ್ಕಿಂತ ಅವಮಾನ ಬೇಕೇ?

ಪಕ್ಕದ ಹೊಲದ ಸಿದ್ದಯ್ಯ ಬೀಡಿ ಸೇದುತ್ತ ಇದನ್ನೆಲ್ಲ ಬಿಟ್ಟಿ ಸಿನಿಮಾದ ಹಾಗೆ ನೋಡುತ್ತಿದ್ದ. ಪರರ ಕಷ್ಟಕ್ಕೆ ಉಪಾಯ ಹೇಳುವುದರಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ.

"ತಪ್ ಮಾಡ್ಬುಟ್ಟೆ ಕಣ್ಲಾ ಶಿವ್ಸಾಮಿ. ನಮ್ಗೆ ಎದ್ರಿಕೆ ಆಗದು ಅವ್ರಿಗೆ ಮುದ್ದು. ಅಂದ್ಮೇಲೆ ನಮ್ಗೆ ಮುದ್ದಾಗಿರದ ಕಂಡ್ರೆ ಅವ್ರು ಎದರ್ಕಂಡು ಓಡ್ಬೇಕು ತಾನೇ?"

ಶಿವಸ್ವಾಮಿಗೆ ಈ ಲೆಕ್ಕ ಎಲ್ಲೋ ಎಡವಟ್ಟು ಅನಿಸಿತು. ಆದರೆ ಎಲ್ಲಿ ಎಂದು ಹೇಳಲು ಬರಲಿಲ್ಲ.

"ಅಂಥ ಮುದ್ದು ಎಲ್ಲಿ ತರನ?"

"ತೆರಕಣಾಂಬಿ ರಸ್ತೇಲಿ ಶಾಂತಮಲ್ಲಪ್ಪನ ಶೆಡ್ಡಲ್ಲಿ ಆ ಸಿಮೆಂಟ್ ಕೂಸು ಬಿದ್ದದಲ್ಲ, ಅದ್ನ ತರನ ನಡಿ."

ಶಾಂತಮಲ್ಲಪ್ಪ ಬೊಂಬೆ ಮಾಡುವವನು. ಮಕ್ಕಳ ಬಟ್ಟೆಯಂಗಡಿಯ ಮುಂದೆ ಇಡಲೆಂದು ಮಾಡಿದ ಆ ಕೂಸನ್ನು ಅಂಗಡಿ ಮುಚ್ಚಿದ ಮೇಲೆ ಕೇಳುವವರಿರಲಿಲ್ಲ. ಆಳೆತ್ತರದ ಮಗು. ಗುಲಾಬಿ ಮೈ, ಕೆನ್ನೆಗೆ ಕುಂಕುಮದಂಥ ಕೆಂಪು, ಕಿವಿಯವರೆಗೆ ಎಳೆದ ಕಾಡಿಗೆ, ನೀಲಿ ಕಣ್ಣು, ಗಲ್ಲದ ಮೇಲೆ ಲಿಂಬೆಹಣ್ಣಿನಷ್ಟು ದೃಷ್ಟಿಬೊಟ್ಟು. ನಗುವ ಬಾಯಲ್ಲಿ ಮೂವತ್ತೆರಡೂ ಹಲ್ಲು.

"ಮಗೀಗೆ ಇಷ್ಟು ಹಲ್ಲು ಯಾಕೆ ಮಡಗ್ದಪ್ಪಾ?" ಎಂದ ಶಿವಸ್ವಾಮಿ.

"ಬೊಚ್ಚುಬಾಯಿ ಅಂದ ಕಾಣಕಿಲ್ಲ ಕಣಣ್ಣ," ಎಂದ ಶಾಂತಮಲ್ಲಪ್ಪ, ಕೂಸಿನ ಕೆನ್ನೆ ಸವರುತ್ತ.

ಟ್ರಾಕ್ಟರಿನಲ್ಲಿ ಕೂಸು ಬಂತು. ರಾಕ್ಷಸ ಚರಂಡಿಗೆ ಉರುಳಿದ. ಸಿದ್ದಯ್ಯನ ಮಾತು ಅಕ್ಷರಶಃ ನಿಜವಾಯಿತು. ಮುಂದಿನ ಕಾರಿನಿಂದ ಇಳಿದ ಹುಡುಗಿಯರು ಕೂಸಿನ ಮುಖ ನೋಡಿದ್ದೇ ತಡ, ಚೀರುತ್ತ ಮತ್ತೆ ಕಾರಿಗೆ ಹತ್ತಿದರು. "ದೆವ್ವದ ಬೊಂಬೆ ಕಣೋ, ನಮ್ಮನ್ನೇ ನೋಡ್ತಿದೆ, ಓಡ್ಸು!" ಎಂದಿತು ಒಂದು ದನಿ. ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಬಂದ ಜಪಾನಿನವರ ಬಸ್ಸು ನಿಧಾನ ಮಾಡಿತು. ಕಿಟಕಿಯ ಪರದೆಗಳು ಒಂದೊಂದಾಗಿ ಮುಚ್ಚಿಕೊಂಡವು. ಬಸ್ಸು ಹೋದ ವೇಗಕ್ಕೆ ಧೂಳೆದ್ದಿತು. ಶಿವಸ್ವಾಮಿ ಸಿದ್ದಯ್ಯನನ್ನು ತಬ್ಬಿಕೊಂಡ. ಆಮೇಲೆ ಮನೆಗೆ ಹೋಗಿ ಮುದ್ದೆ ನುಂಗಿ, ಇನ್ನು ಹೂ ಕೀಳುವುದನ್ನು ಹೆಂಡತಿ ರಾಚಮ್ಮ ನೋಡಿಕೊಳ್ಳುತ್ತಾಳೆಂದು ಜಗಲಿಯ ಮೇಲೆ ಕಾಲು ಚಾಚಿದ. ಬಹಳ ದಿನಗಳ ಮೇಲೆ ನಿಶ್ಚಿಂತೆಯ ನಿದ್ದೆ ಬಂತು.

ಎದ್ದು ಹೊಲಕ್ಕೆ ಬಂದಾಗ ಬಿಸಿಲು ಇಳಿದಿತ್ತು. ರಸ್ತೆಯಲ್ಲಿ ಹಳ್ಳಿ ಕಡೆಯ ಟೆಂಪೋ, ಎರಡು ಆಟೋ, ಒಂದು ಎತ್ತಿನ ಗಾಡಿ ನಿಂತಿದ್ದವು. ಹೊಲದ ತುಂಬ ಹೆಂಗಸರು. ಕಾರಿನವರು ಒಬ್ಬರೂ ಇರಲಿಲ್ಲ, ಎಲ್ಲ ನಮ್ಮ ಜನವೇ. ಶಿವಸ್ವಾಮಿ ಗುಂಪಿನೊಳಗೆ ನುಗ್ಗಿದ.

ನಡೆದದ್ದು ಇಷ್ಟು. ಹೂ ಕೀಳಲು ಬಂದ ಚಿಕ್ಕಮಲ್ಲಮ್ಮ ಕೂಸನ್ನು ಕಂಡು, "ಅಯ್ ನನ್ ಕಂದಾ, ಎಂಥ ಮುದ್ದೋ!" ಎಂದು ಹತ್ತೂ ಬೆರಳು ಲಟಲಟನೆ ನೆಟಿಗೆ ಮುರಿದಿದ್ದಳು. ಬರಿದಲೆಯಲ್ಲಿ ನಿಂತಿದೆ ಪಾಪ ಎಂದು ಕಿವಿಯ ಮೇಲೊಂದು ಹೂ ಸಿಕ್ಕಿಸಿದಳು. ಇನ್ನೊಬ್ಬಳು ಹಾರ ಕಟ್ಟಿದಳು. ಮುದುಕಿ ಮೂಗಮ್ಮ ತನ್ನ ಸೊಸೆಗೆ ಇಂಥದ್ದೇ ಕೂಸು ಹುಟ್ಟಲೆಂದು ಸೆರಗೊಡ್ಡಿ, ಪಾದಕ್ಕೆ ಬೊಗಸೆ ಹೂ ಸುರಿದಳು. ಸುದ್ದಿ ಟೆಂಪೋ ಹತ್ತಿ ಹಳ್ಳಿಹಳ್ಳಿಗೆ ಹೋಯಿತು. ಬಂದವರೆಲ್ಲ ಹೂ ಏರಿಸಿದರು. ಹೂವೇನು ದೂರವೇ? ಬಗ್ಗಿದರೆ ಸಿಗುತ್ತಿತ್ತು. ಈಗ ಹೂವಿನ ರಾಶಿಯ ಮೇಲೆ ಕೂಸಿನ ಮೂವತ್ತೆರಡು ಹಲ್ಲು ಮಾತ್ರ ಕಾಣುತ್ತಿದ್ದವು. ಸುತ್ತ ಹತ್ತು ಗುಂಟೆಯೂ ಬರೀ ಹಸಿರು. ಕಾರಿನವರು ತುಳಿದಿದ್ದರು ನಿಜ, ಆದರೆ ಪಾಪ, ಕಿತ್ತಿರಲಿಲ್ಲ.

ಸುಧಾಕರನ ಗಾಡಿ ಬಂದು ನಿಂತಿತು. "ಹೂವೆಲ್ಲಿ ಶಿವಸ್ವಾಮಣ್ಣ?"

"ಆ ರಾಶಿನೇ ತುಂಬ್ಕೊಳಪ್ಪ!" ಎಂದು ಶಿವಸ್ವಾಮಿ ಮಕ್ಕರಿ ಹಿಡಿದು ಓಡಿದ. ಚಿಕ್ಕಮಲ್ಲಮ್ಮ ಅಡ್ಡ ಬಂದಳು.

"ಏರ್ಸಿದ್ ಹೂವ ಮುಟ್ಟೀಯಾ? ಏನ್ ಕೇಡುಗಾಲ ಬಂದದೆ ನಿಂಗೆ?"

"ನನ್ ಹೂವು ಕಣಕ್ಕಾ ಅದು!"

"ಗಿಡದಲ್ಲಿದ್ದಾಗ ನಿಂದು. ಈಗ ಕಂದಂದು."

ಹೆಂಗಸರೆಲ್ಲ ಅಹುದಹುದೆಂದರು. ಅವನು ಸುಧಾಕರನ ಕಡೆ ತಿರುಗಿದ. ಸುಧಾಕರ್ ಚಪ್ಪಲಿ ಕಳಚಿ, ಕೂಸಿನ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಮದುವೆಯಾಗಿ ಆರು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ.

"ದೇವ್ರ ಹೂವ ಫ್ಯಾಕ್ಟರಿಗೆ ತಕೊಂಡೋಗಕ್ಕಾಗಲ್ಲ ಬುಡಣ್ಣ," ಎಂದು ಕಣ್ಣೊರೆಸಿಕೊಂಡು ಅವನು ಖಾಲಿ ಗಾಡಿ ಹತ್ತಿದ. "ಮುಂದಕ್ಕೆ ನಿಮ್ ಹೂ ಬೇಡ ಅಂದಿದ್ ಮಾತು ಮಾತ್ರ ಮಾತೇ. ಫ್ಯಾಕ್ಟರಿಯವ್ರಿಗೆ ನಾನೇನು ಹೇಳ್ಲಿ?"

ಗಾಡಿ ಚಾಮರಾಜನಗರದ ದಾರಿ ಹಿಡಿಯಿತು. ಶಿವಸ್ವಾಮಿ ಬದುವಿನ ಮೇಲೆ ಕುಸಿದ. ಗುಂಪಿನೊಳಗಿಂದ ರಾಚಮ್ಮ ನುಗ್ಗಿ ಬಂದಳು, ಮುಖದ ತುಂಬ ಭಕ್ತಿ. ಗಂಡನ ಅಂಗೈ ಬಿಡಿಸಿ ಎರಡು ಚೆಂಡುಹೂ ಇಟ್ಟಳು.

"ಪ್ರಸಾದ. ಕಣ್ಗೆ ಒತ್ಕಳಿ," ಎಂದಳು.

ಒತ್ತಿಕೊಂಡ. ಆ ಬೆಳೆಯಲ್ಲಿ ಶಿವಸ್ವಾಮಿಯ ಕೈಗೆ ಸಿಕ್ಕ ಹೂ ಅವೆರಡೇ.