ನಾನೂರ ಹನ್ನೆರಡನ್ನು ನಾನೂರ ಏಳು ಮಾಡಿದ್ದು

ಮದುವೆಯ ಕರೆಯೋಲೆ ಕೈಗೆ ಬಂದರೆ ಎಲ್ಲರೂ ಮೊದಲು ಮುಹೂರ್ತ ನೋಡುತ್ತಾರೆ, ಕೆಲವರು ಊಟದ ಹೊತ್ತು ನೋಡುತ್ತಾರೆ. ನಾನು ಅಚ್ಚಿನ ತಪ್ಪು ನೋಡುತ್ತೇನೆ. ಇದು ರೋಗವೆಂದು ನನಗೂ ಗೊತ್ತು. ಕಾನ್ವೆಂಟಿನ ಸಿಸ್ಟರುಗಳು ತಪ್ಪಾದದ್ದನ್ನು ಮತ್ತೆ ಮತ್ತೆ ಬರೆಸಿ ನನಗೆ ಅಂಟಿಸಿ ಕಳಿಸಿದ ರೋಗ. ಮನೆಯಲ್ಲಂತೂ ಇದಕ್ಕೆ ಕಾಸಿನ ಮರ್ಯಾದೆಯಿಲ್ಲ. ನಮ್ಮ ಯಜಮಾನರು ಕಥೆ ಹೇಳುವಾಗ ಊರಿನ ಹೆಸರು ತಪ್ಪಿದರೆ ನಾನು ಮೆಲ್ಲಗೆ ಸರಿಪಡಿಸುತ್ತೇನೆ. “ನೀನೇ ಹೇಳ್ಬುಡು, ನಾನ್ ಕಾಫಿ ಕುಡೀತೀನಿ” ಎಂದು ಲೋಟ ಎತ್ತಿಕೊಳ್ಳುತ್ತಾರೆ. ಹೀಗಾಗಿ ನನ್ನ ತಿದ್ದುವ ತೀಟೆಯನ್ನು ಆಕಾಶಕ್ಕೆ ವರ್ಗಾಯಿಸಿಕೊಂಡೆ.

ಗುತ್ತಲಿನ ನಮ್ಮ ಮನೆಯ ತಾರಸಿಯಲ್ಲಿ ಸಂಡಿಗೆ ಕಾಯುವ ಕೆಲಸ ನನ್ನದು. ಕಾಗೆ ಓಡಿಸುತ್ತ ತಲೆಯೆತ್ತಿದರೆ ವಿಮಾನ. ಅದು ಯಾವುದು, ಎಲ್ಲಿಗೆ ಹೊರಟಿದೆ ಎಂದು ಫೋನಿನಲ್ಲೇ ತೋರಿಸುವ ತಾಣವೊಂದಿದೆ. ಒಂದು ದಿನ ಆ ತಾಣ ನಾಲ್ಕು ಎಂಜಿನ್ನಿನದೆಂದು ಹೇಳಿದ ವಿಮಾನ ನನ್ನ ಕಣ್ಣೆದುರೇ ಎರಡು ಎಂಜಿನ್ ಇಟ್ಟುಕೊಂಡು ಸಾಗಿಹೋಯಿತು. ಮೈ ಉರಿಯಿತು. ಆ ತಾಣದಲ್ಲಿ ವಿಮಾನದ ಮಾದರಿಯ ಹೆಸರು ತಪ್ಪಿದ್ದರೆ ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಮೇಲ್ವಿಚಾರಕರು ನೋಡಿ ಒಪ್ಪಬೇಕು. ಶುರು ಮಾಡಿದೆ ನೋಡಿ. ಒಂದೊಂದು ವಿಮಾನಕ್ಕೆ ಮೂರು ಮೂರು ಹೆಸರು; ನಮ್ಮ ಕಡೆಯ ಜನಕ್ಕೆ ರೇಷನ್ ಕಾರ್ಡಿನಲ್ಲೊಂದು, ಕರೆಯುವುದಕ್ಕೊಂದು, ಬೆನ್ನ ಹಿಂದೊಂದು ಇರುವ ಹಾಗೆ. ನಾನು ಕಳಿಸಿದ ತಿದ್ದುಪಡಿಗಳು ತಿಂಗಳುಗಟ್ಟಲೆ ‘ಪರಿಶೀಲನೆಯಲ್ಲಿದೆ’ ಎಂದು ಕೊಳೆಯುತ್ತಿದ್ದವು. ನನ್ನ ತಾಳ್ಮೆಗೆ ಮೆಚ್ಚಿಯೋ ಏನೋ, ಕೊನೆಗೊಂದು ದಿನ ನನ್ನ ಹೆಸರಿನ ಪಕ್ಕ ‘ನಂಬಿಕಸ್ತರು’ ಎಂಬ ಬಿರುದು ಕೊಟ್ಟರು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ನೆಕ್ಕಿ ನೋಡಿಯೇ ನಂಬುವ ಮನೆಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ?

ಇಷ್ಟರಲ್ಲಿ ಬೆಳಕವಾಡಿಯಲ್ಲಿರುವ ನಮ್ಮ ಯಜಮಾನರ ದೊಡ್ಡಕ್ಕ ತಮ್ಮ ಮಗಳ ಮದುವೆಗೆಂದು ಹೆಲಿಕಾಪ್ಟರ್ ಗೊತ್ತುಮಾಡಿದರು. ಅದು ಕಬ್ಬು ಕಡಿದ ಗದ್ದೆಯಲ್ಲಿ ಇಳಿಯುವುದು, ಹೆಣ್ಣುಗಂಡಿನ ಮೇಲೆ ಹೂ ಸುರಿಯುವುದು, ಆಮೇಲೆ ಸೋಮನಹಳ್ಳಿಯ ಬೀಗರ ಕಡೆಯ ಹಿರಿಯರನ್ನೆಲ್ಲ ಕೂರಿಸಿಕೊಂಡು ಶಿವನಸಮುದ್ರದ ಮೇಲೊಂದು ಸುತ್ತು ಹೊಡೆಯುವುದು. ಏಜೆಂಟ್ ಕೊಟ್ಟ ಫೋಟೋವನ್ನು ಅಕ್ಕ ಕುಟುಂಬದ ಗ್ರೂಪಿಗೆ ಹಾಕಿದರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ನಾನು ಎಂಜಿನ್ ಎಷ್ಟೆಂದು ತಿಳಿಯಲು ಹೊಗೆಯ ಕೊಳವೆ ಎಣಿಸಿದೆ. ಒಂದೇ ಇತ್ತು. ಬಾಲದ ಮೇಲಿನ ಅಕ್ಷರಗಳನ್ನು ಹಿಡಿದು ತಾಣದಲ್ಲಿ ಹುಡುಕಿದರೆ ಮಾದರಿ ‘ನಾನೂರ ಹನ್ನೆರಡು’ ಎಂದಿತ್ತು. ಅದಾದರೆ ಎರಡು ಎಂಜಿನ್ನಿನ, ಹದಿಮೂರು ಜನ ಕೂರುವ ದೊಡ್ಡದು. ಫೋಟೋದಲ್ಲಿದ್ದದ್ದು ನಾನೂರ ಏಳು. ಪೈಲಟ್ ಬಿಟ್ಟರೆ ಆರೇ ಜನ. ಅಕ್ಕನ ಫೋಟೋವನ್ನೇ ಪುರಾವೆಯಾಗಿ ಲಗತ್ತಿಸಿ ತಿದ್ದಿ ಕಳಿಸಿದೆ. ಅಷ್ಟು ಕಾಲ ನಿದ್ದೆ ಹೊಡೆದ ಮೇಲ್ವಿಚಾರಕರು ಅವತ್ತೇ ಎದ್ದು ಕೂರಬೇಕೆ? ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಒಪ್ಪಿಗೆ ಬಂದಿತ್ತು. ತಿದ್ದಿದವರ ಹೆಸರು ಕೆಳಗೇ ಕಾಣುತ್ತದೆ. ಅದುವರೆಗೆ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಮರುದಿನವೇ ಅಕ್ಕನ ಫೋನು. “ಏನಮ್ಮಿ, ನನ್ ಎಲಿಕ್ಯಾಪ್ಟ್ರುಗೆ ಏನ್ ಮಾಡ್ದೆ? ನಾನೂರ ಅನ್ನೆರಡು ಇದ್ದುದ್ನ ನಾನೂರ ಏಳು ಮಾಡ್ಬುಟ್ಟಿದ್ದೀಯಂತೆ! ಐದು ಕಮ್ಮಿ ಮಾಡಕ್ಕೆ ನಿಂಗೇನು ಬಂದಿತ್ತು? ಏಜೆಂಟ್ ತೋರ್ಸಿದ್ನಲ್ಲ, ಅದ್ನೇ ಬೀಗ್ರು ಮೊಬೈಲಲ್ಲಿ ನೋಡ್ಕಂಡು ಕೂತವ್ರೆ. ಯಾರ್ಯಾರು ಕೂರ್ಬೇಕು ಅಂತ ಅದ್ಮೂರು ಜನನೂ ಗೊತ್ತಾಗೋಗದೆ. ಗಂಡಿನ್ ದೊಡ್ಡಪ್ಪ ಕೂಲಿಂಗ್ ಗ್ಲಾಸ್ ತಗಂಡವ್ರೆ!”

“ಅಕ್ಕ, ನಾನು ಹೆಸರು ತಿದ್ದಿದ್ದಷ್ಟೇ. ಸೀಟು ಮೊದಲೂ ಆರೇ ಇತ್ತು. ಏಜೆಂಟನ್ನ ಕೇಳಿ.”

“ಸೀಟ್ ಆಮೇಕೆ ನೋಡ್ಕತೀನಿ, ಮೊದ್ಲು ಎಸ್ರು ಸರಿ ಮಾಡು.”

“ಕರುವನ್ನ ಎತ್ತು ಅಂದ್ರೆ ಅದು ನೊಗ ಎಳೆಯತ್ತಾ ಅಕ್ಕ?”

“ಮದ್ವೆ ಮುಗಿಯೋಗಂಟ ಎಳೀಲಿ, ಸಾಕು.” ಆಮೇಲೆ ಅಕ್ಕನ ದನಿ ಇಳಿಯಿತು. “ಎಣ್ಣು ಎತ್ತೋಳು ಕಣಮ್ಮಿ ನಾನು. ನಾಳೆ ಆ ಮನೇಲಿ ಮಾತು ಕೇಳ್ಬೇಕಾದೋಳು ನನ್ ಮಗಳು.”

ಅಲ್ಲಿಗೆ ನನ್ನ ವಾದವೆಲ್ಲ ಬಿದ್ದುಹೋಯಿತು. ಯಜಮಾನರು ಪೇಪರಿನಿಂದ ಮುಖ ಎತ್ತದೆಯೇ, “ಬುಡು ಅತ್ಲಾಗೆ, ಹಳೇದ್ನೇ ಹಾಕ್ಬುಡು. ಅದೇನು ನಿನ್ ತಲೆ ಮೇಲೆ ಬೀಳ್ತದಾ?” ಎಂದರು. ಸರಿಯಾದದ್ದನ್ನು ತಪ್ಪಾಗಿ ತಿದ್ದಲು ಕೂತೆ. ‘ಕಾರಣ ತಿಳಿಸಿ’ ಎಂಬ ಜಾಗದಲ್ಲಿ ಏನು ಬರೆಯುವುದು? ರಜೆಯ ಅರ್ಜಿಯಲ್ಲಿ ಬರೆಯುವಂತೆ ‘ಕೌಟುಂಬಿಕ ಕಾರಣ’ ಎಂದು ಬರೆದೆ. ಇದಕ್ಕೂ ಕೂಡಲೇ ಉತ್ತರ ಬಂತು: ನಿಮ್ಮ ಮೊದಲಿನ ಪುರಾವೆ ಬಹಳ ಚೆನ್ನಾಗಿದೆ, ಅದನ್ನೇ ಉಳಿಸಿಕೊಂಡಿದ್ದೇವೆ. ಜೊತೆಗೆ ‘ನಂಬಿಕಸ್ತರು’ ಎಂಬುದನ್ನು ಕಿತ್ತುಹಾಕಿದ್ದರು.

ಮದುವೆಯ ದಿನ ಗದ್ದೆಯ ತುಂಬ ದೂಳೆಬ್ಬಿಸಿಕೊಂಡು ಆ ನಾನೂರ ಏಳೇ ಬಂದಿಳಿಯಿತು. ಗಂಡಿನ ದೊಡ್ಡಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಅದರ ಸುತ್ತ ಪ್ರದಕ್ಷಿಣೆ ಬಂದರು. ಸೀರೆ ಕೊಳ್ಳುವಾಗ ಒಳಮೈ ನೋಡುತ್ತೇವಲ್ಲ, ಹಾಗೆ ಬಗ್ಗಿ ಹಿಂದೆಲ್ಲ ನೋಡಿದರು. ಮದುಮಗಳು ತಲೆ ತಗ್ಗಿಸಿ ಬಾಸಿಂಗದ ದಾರ ತಿರುವುತ್ತಿದ್ದಳು. ಬೀಗರು ಬಾಯಿ ತೆರೆಯುವ ಮುಂಚೆಯೇ ಅಕ್ಕ ನನ್ನತ್ತ ಕೈ ತೋರಿಸಿ, “ನಮ್ದು ದೊಡ್ಡದೇ ಇತ್ತು ಬೀಗ್ರೇ. ಇಗೋ, ನಮ್ ತಮ್ಮನ ಎಂಡ್ತಿ ಕಂಪ್ಯೂಟ್ರಲ್ಲಿ ಅದೇನೋ ಒತ್ತಿ ಚಿಕ್ಕುದ್ ಮಾಡ್ಬುಟ್ಲು. ಓದಿರೋರು, ಏನ್ ಏಳಾನ!” ಎಂದರು. ಸೋಮನಹಳ್ಳಿಯ ಅಷ್ಟೂ ಕಣ್ಣು ಮದುಮಗಳನ್ನು ಬಿಟ್ಟು ನನ್ನ ಮೇಲೆ ಬಿದ್ದವು. ಸೀಟು ಸಿಗದ ದೊಡ್ಡಪ್ಪ ಹತ್ತಿರ ಬಂದು ಗ್ಲಾಸು ತೆಗೆದು ಹೇಳಿದರು: “ಅಲ್ಲ ಕಣವ್ವ, ಮಾಡೋದ್ ಮಾಡ್ದೆ, ಒಂದು ನಾನೂರ ಎಂಟಾದ್ರೂ ಮಾಡ್ಬಾರ್ದಿತ್ತಾ? ನಾನೊಬ್ಬ ಕೂತ್ಕತಿದ್ದೆ.”

ತಿದ್ದಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಮದುಮಗಳು ಆಗಷ್ಟೇ ತಲೆಯೆತ್ತಿ ನಗುತ್ತಿದ್ದಳು. “ತಪ್ಪಾಯ್ತು ದೊಡ್ಡಪ್ಪ” ಎಂದೆ.

ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ನಿನ್ನೆ ಮಳವಳ್ಳಿಯಿಂದ ಆ ದೊಡ್ಡಪ್ಪನ ನೆಂಟರೊಬ್ಬರು ಫೋನ್ ಮಾಡಿದ್ದರು: “ನಮ್ಮುಡುಗನ ಮದ್ವೆಗೆ ಚಿಕ್ಕುದ್ನೇ ಏಳಿವ್ನಿ ಕಣಕ್ಕ. ನೀವೇ ಒಸಿ ದೊಡ್ಡದು ಮಾಡ್ಕೊಡ್ಬೇಕು.” ಅದೆಲ್ಲ ಆಗುವುದಿಲ್ಲ ಎಂದು ಫೋನಿಡಬೇಕಿತ್ತು. ಬಾಲದ ಮೇಲೆ ಏನು ಬರೆದಿದೆ, ಒಂದು ಫೋಟೋ ಕಳಿಸಿ ನೋಡೋಣ ಎಂದುಬಿಟ್ಟೆ.