ಅರವತ್ತೈದನೆಯ ರೋಲ್ ನಂಬರ್

ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದ ನಾಲಗೆ ರಿಟೈರಾದ ಮೇಲೆ ಸುಮ್ಮನಿರುತ್ತದೆಯೇ? ಮೇಷ್ಟ್ರು ತಮ್ಮ ಮಾವನ ಹಳೇ ಕಾರಿನ ಇಂಜಿನ್ ಬಿಚ್ಚಿಸಿದ ದಿನವೇ ಹೊಸ ಹಾಜರಿ ಪುಸ್ತಕ ತೆರೆದರು. ಬಿಚ್ಚಿದ ಒಂದೊಂದು ಭಾಗಕ್ಕೂ ಸೀಮೆಸುಣ್ಣದಲ್ಲಿ ರೋಲ್ ನಂಬರ್. ಒಟ್ಟು ಅರವತ್ತನಾಲ್ಕು. (ನಟ್ಟು ಬೋಲ್ಟುಗಳು ಡಬ್ಬಿಯಲ್ಲಿದ್ದವು, ಡಬ್ಬಿಗೊಂದು ನಂಬರ್.) ಬೆಳಗ್ಗೆ ಎದ್ದವರೇ ಅವನ್ನೆಲ್ಲ ವರಾಂಡದಲ್ಲಿ ಸಾಲಾಗಿ ಜೋಡಿಸಿ ಹಾಜರಿ ಕೂಗುತ್ತಿದ್ದರು. ಯಾರೂ ಪಕ್ಕದವನನ್ನು ಚಿವುಟುವುದಿಲ್ಲವಲ್ಲ ಎಂಬುದೇ ಅವರಿಗೆ ದೊಡ್ಡ ಸಮಾಧಾನ.

ಕಾರಿನ ವಿಷಯದಲ್ಲಿ ಮಾವ ಕಡ್ಡಿ ಮುರಿದಂತೆ ಹೇಳಿದ್ದರು.

"ಅಳಿಯಂದ್ರೇ, ಭಾನುವಾರ ಹನ್ನೊಂದಕ್ಕೆ ಬರ್ತೀನಿ. ಇಂಜಿನ್ ಶಬ್ದ ನನ್ನ ಕಿವಿಗೆ ಬಿದ್ರೆ ಕಾರು ನಿಮ್ಮದು. ಬೀಳ್ಲಿಲ್ಲ ಅಂದ್ರೆ ನನ್ನ ಮಗ ಬಂದು ಎಳ್ಕೊಂಡು ಹೋಗ್ತಾನೆ."

ಮದುವೆಯಾದ ಹೊಸದರಲ್ಲಿ ಇದೇ ಕಾರಿನ ಬಾಗಿಲನ್ನು ದಢಾರೆಂದು ಹಾಕಿ ಮಾವನಿಂದ ಬೈಸಿಕೊಂಡಿದ್ದ ಮೇಷ್ಟ್ರಿಗೆ ಒಮ್ಮೆಯಾದರೂ ಅದರ ಸ್ಟೀರಿಂಗ್ ಹಿಡಿಯಬೇಕೆಂಬುದು ಜನ್ಮದ ಆಸೆ. ಅದನ್ನು ಭಾಮೈದನ ಪಾಲು ಮಾಡುವುದುಂಟೆ? ಸೀಮೆಎಣ್ಣೆ, ಚಿಂದಿ ಬಟ್ಟೆ, ಹಲ್ಲುಜ್ಜುವ ಬ್ರಷ್ಷು (ಯಾರದ್ದೆಂಬ ಚರ್ಚೆ ಇಲ್ಲಿ ಬೇಡ) ಹಿಡಿದು ಕುಳಿತರು. ಎರಡು ದಿನ ಉಜ್ಜಿದ ಮೇಲೆ ಇಂಜಿನ್ನಿನ ಜಿಡ್ಡೆಲ್ಲ ಮೇಷ್ಟ್ರ ಮೈಗೆ ವರ್ಗವಾಗಿತ್ತು. ಇಂಜಿನ್ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಶುಕ್ರವಾರ ಅವರ ಹೆಂಡತಿಗೆ ನೋಡಲಾಗಲಿಲ್ಲ. "ರೀ, ಇದು ಉಜ್ಜೋ ರೀತೀನಾ? ಮಗೂಗೆ ಪೌಡರ್ ಹಚ್ತಾ ಇದೀರಾ? ಸರೀರಿ ಆ ಕಡೆ!"

ದೊಡ್ಡ ಟಬ್ಬಿನಲ್ಲಿ ಬಿಸಿನೀರು, ಪಾತ್ರೆ ಸೋಪು, ನಾರು. ಸಂಜೆಯ ಹೊತ್ತಿಗೆ ಇಂಜಿನ್ನಿನ ಭಾಗಗಳೂ ಮನೆಯ ಪಾತ್ರೆಗಳೂ ಒಂದೇ ಹಳೇ ಬೆಡ್‌ಶೀಟಿನ ಮೇಲೆ ಅಕ್ಕಪಕ್ಕದಲ್ಲಿ ಒಣಗುತ್ತ ಫಳಫಳ ಹೊಳೆಯುತ್ತಿದ್ದವು.

"ನಂಬರ್ ಎಲ್ಲಿ ಹೋದ್ವೇ?" ಮೇಷ್ಟ್ರು ಕಿರುಚಿದರು.

"ಕೊಳೆ ಜೊತೆ ಹೋದ್ವು. ಕೊಳೆಗೂ ನಂಬರ್ ಬೇಕಾ?"

ಆದದ್ದಾಯಿತೆಂದು ಮೇಷ್ಟ್ರು ಕಣ್ಣಂದಾಜಿನಲ್ಲಿ ತಮ್ಮವನ್ನೆಲ್ಲ ಆರಿಸಿಕೊಂಡರು. ಒಂದೆರಡನ್ನು ಬಿಟ್ಟು, ಹೊರಗೆ ಕಾಣುವಂಥವಕ್ಕೆಲ್ಲ ಬಿಸಿ ತಡೆಯುವ ಬೆಳ್ಳಿ ಬಣ್ಣ ಹೊಡೆದರು. ಶನಿವಾರ ಹಾಜರಿ ಕೂಗಿದರೆ, ಅರವತ್ತೈದು! ಹಿಂದಿನಿಂದ ಎಣಿಸಿದರು. ಆಗಲೂ ಅರವತ್ತೈದು. ಕನ್ನಡಕ ಒರೆಸಿಕೊಂಡು ಎಣಿಸಿದರು. ಅಷ್ಟೇ. ತಮ್ಮ ಸರ್ವೀಸಿನಲ್ಲಿ ಅವರು ಕ್ಲಾಸಿನಿಂದ ತಪ್ಪಿಸಿಕೊಂಡ ಮಕ್ಕಳನ್ನು ಬೇಕಾದಷ್ಟು ಕಂಡಿದ್ದರು. ತಾನಾಗಿ ಬಂದು ಸೇರಿಕೊಂಡವನನ್ನು ಕಂಡಿರಲಿಲ್ಲ.

"ರೀ, ನನ್ನ ಕುಕ್ಕರ್ ವೆಯ್ಟ್ ನೋಡಿದ್ರಾ? ನಿನ್ನೆಯಿಂದ ಸಿಗ್ತಿಲ್ಲ," ಒಳಗಿನಿಂದ ಕೂಗು.

"ಇಲ್ಲಿ ನನ್ನ ತಲೆ ಕೆಟ್ಟು ಗೊಬ್ಬರ ಆಗಿದೆ, ನಿನಗೆ ಕುಕ್ಕರ್ ಚಿಂತೆ!" ಎಂದು ಗದರಿ ಮೇಷ್ಟ್ರು ಪುಸ್ತಕದಲ್ಲಿ ಬರೆದರು: 'ರೋಲ್ ನಂಬರ್ ೬೫. ಹೊಸ ಪ್ರವೇಶ.'

ಭಾನುವಾರ ಬೆಳಗಾಗುತ್ತಲೇ ಮೆಕ್ಯಾನಿಕ್ ಬಂದು ಎಲ್ಲವನ್ನೂ ಜೋಡಿಸಿದ. ಒಂಬತ್ತೂವರೆಗೆ ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಗುರ್ರೆಂದು ಎದ್ದಿತು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ನೋಡುತ್ತಾರೆ, ಬೆಂಚಿನ ಮೇಲೆ ಒಬ್ಬ ಉಳಿದಿದ್ದಾನೆ! ಹೆಬ್ಬೆರಳ ಗಾತ್ರ, ಗಾತ್ರಕ್ಕೆ ಮೀರಿದ ಭಾರ, ಅಡಿಯಲ್ಲಿ ತೂತು.

"ಇದೆಲ್ಲಿಗಪ್ಪಾ?"

ಮೆಕ್ಯಾನಿಕ್ ತಿರುಗಿಸಿ ನೋಡಿದ, ಊದಿ ನೋಡಿದ. "ಗೊತ್ತಿಲ್ಲ ಸಾರ್. ಇಂಜಿನ್ ಓಡ್ತಿದೆಯಲ್ಲ, ಬಿಟ್ಟಾಕಿ."

"ಬಿಟ್ಟಾಕೋದಾ? ಒಬ್ಬನ್ನ ಹೊರಗೆ ನಿಲ್ಸಿ ನಾನು ಯಾವತ್ತಾದ್ರೂ ಪಾಠ ಮಾಡಿದೀನಾ? ಬಿಚ್ಚು!"

"ನಿಮ್ಮ ಮಾವನೋರು ಬರೋ ಹೊತ್ತಾಯ್ತು ಸಾರ್..."

"ಬಿಚ್ಚು ಅಂದ್ರೆ ಬಿಚ್ಚು!"

ಹನ್ನೊಂದಕ್ಕೆ ಸರಿಯಾಗಿ ಮಾವ ಬಂದರು. ಇಂಜಿನ್ ಮತ್ತೆ ವರಾಂಡದ ತುಂಬ ಹರಡಿತ್ತು. ಅಳಿಯಂದಿರು ನೆಲದ ಮೇಲೆ ಮಂಡಿಯೂರಿ, ಸಿಕ್ಕಸಿಕ್ಕ ತೂತಿಗೆಲ್ಲ ಅರವತ್ತೈದನೆಯವನನ್ನು ತುರುಕಿ ನೋಡುತ್ತಿದ್ದರು.

"ಅಪ್ಪಾ, ಊಟ ಸ್ವಲ್ಪ ಲೇಟು. ಎರಡು ದಿನದಿಂದ ಕುಕ್ಕರ್..." ಎನ್ನುತ್ತ ಹೊರಗೆ ಬಂದ ಮಗಳು ಅಲ್ಲೇ ನಿಂತಳು. ಗಂಡನ ಕೈಯಿಂದ ಅದನ್ನು ಕಿತ್ತುಕೊಂಡು ಉಗುರಿನಿಂದ ಬಣ್ಣ ಕೆರೆದಳು. "ಅಯ್ಯೋ, ನನ್ನ ವೆಯ್ಟು! ಇದಕ್ಕೋಸ್ಕರ ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ನಲ್ರೀ!"

"ಮಾವ... ಒಂಬತ್ತೂವರೆಗೆ ಸ್ಟಾರ್ಟ್ ಆಗಿತ್ತು. ಬೇಕಾದ್ರೆ ಇವನನ್ನೇ ಕೇಳಿ."

"ಆಗಿತ್ತು ಸಾರ್," ಎಂದ ಮೆಕ್ಯಾನಿಕ್. "ಬೇಡ ಬೇಡ ಅಂದ್ರೂ ಇವರೇ ಬಿಚ್ಚಿಸಿದ್ರು."

ಬಣ್ಣ ಹೊಡೆಯದೆ ಬಿಟ್ಟಿದ್ದ ಅಲ್ಯುಮಿನಿಯಂ ಮುಚ್ಚಳವೊಂದನ್ನು ಮಾವ ಎತ್ತಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಕಾರು ತಂದ ದಿನ ಇದ್ದ ಹೊಳಪು ಮತ್ತೆ ಬಂದಿತ್ತು.

"ಇಷ್ಟು ಚೆನ್ನಾಗಿ ತೊಳೆದದ್ದು ಯಾರು?"

"ನಾನೇ ಅಪ್ಪಾ."

"ಹಾಗಾದ್ರೆ ಕಾರು ಇಲ್ಲೇ ಇರ್ಲಿ, ನಿನ್ನ ಹೆಸರಲ್ಲಿ. ಡ್ರೈವಿಂಗ್ ನೀನೇ ಕಲಿ. ಅಳಿಯಂದ್ರು ಹಿಂದೆ ಕೂತ್ಕೊಳ್ಳಲಿ. ಬಾಗಿಲು ಮಾತ್ರ ಮೆಲ್ಲಗೆ ಹಾಕೋಕೆ ಹೇಳು."

ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟು ಮತ್ತೆ ಸ್ಪ್ಯಾನರ್ ಹಿಡಿದ. ಮೇಷ್ಟ್ರು ಮೂಲೆಯಲ್ಲಿ ಕುಳಿತು, ಏನು ಮಾಡಲೂ ತೋಚದೆ ಹಾಜರಿ ಪುಸ್ತಕ ತೆರೆದರು. ಒಂದರಿಂದ ಅರವತ್ತನಾಲ್ಕರವರೆಗೆ ಗುರುತು ಹಾಕಿ ಮುಗಿಸುವಷ್ಟರಲ್ಲಿ, ಬಣ್ಣವನ್ನೆಲ್ಲ ಉಜ್ಜಿಸಿಕೊಂಡ ವೆಯ್ಟನ್ನು ಹೊತ್ತ ಕುಕ್ಕರ್ ಅಡುಗೆಮನೆಯಿಂದ ಜೋರಾಗಿ ಕೂಗಿತು.

ಮೇಷ್ಟ್ರು ಅಭ್ಯಾಸಬಲದಿಂದ ಅರವತ್ತೈದರ ಮುಂದೆ 'ಹಾಜರು' ಎಂದು ಬರೆದರು.